ತುಕ್ಕು ಕೇಳುವುದು ಹೊತ್ತನ್ನು

— ಅಣ್ಣಾ, ಬೇಲೂರಿನ ಕಡೆ ಒಂದು ಮನೆಯಂಗಳದಲ್ಲಿ ಇಪ್ಪತ್ತೈದು ವರ್ಷದ ಮಾರುತಿ 800 ನಿಂತಿದೆ ಅಂದುಕೊಳ್ಳಿ. ಇಂಜಿನ್ ಚೆನ್ನಾಗಿದೆ. ಆದರೆ ಬಾಗಿಲ ಕೆಳಗೆ ಬಣ್ಣ ಉಬ್ಬಿದೆ, ಹಿಂದಿನ ಚಕ್ರದ ಮೇಲೆ ತಗಡು ತೂತಾಗಿದೆ. ಗ್ಯಾರೇಜಿಗೆ ಬಿಟ್ಟರೆ ಟಿಂಕರಿಂಗ್ ಮಾಡಿ, ಪೇಂಟ್ ಹೊಡೆದು ಕೆಲವೇ ದಿನಗಳಲ್ಲಿ ವಾಪಸು ಕೊಡುತ್ತಾರೆ. ಹೀಗಿರುವಾಗ ಮನೆಯಲ್ಲೇ ಗ್ರೈಂಡರ್ ಹಿಡಿದು ಕೂರುವುದು ಬರೀ ಹಟ ಅಲ್ಲವಾ? ದಿನಾ ತಗಡು ಬಡಿಯುವವರ ಮುಂದೆ ನಾವೆಷ್ಟರವರು?

— ಕೈಚಳಕದ ಮಟ್ಟಿಗೆ ನಿನ್ನ ಮಾತು ಸರಿ. ನೆಗ್ಗಿದ ಮಡ್‌ಗಾರ್ಡಿಗೆ ಹಿಂದಿನಿಂದ ಡಾಲಿ ಎನ್ನುವ ಲೋಹದ ತುಂಡನ್ನು ಆನಿಸಿ, ಮುಂದಿನಿಂದ ಸುತ್ತಿಗೆಯಲ್ಲಿ ತಟ್ಟಿ ತಟ್ಟಿ ಮೊದಲಿನ ಆಕಾರಕ್ಕೆ ತರುವುದು ವರ್ಷಗಟ್ಟಲೆ ಪಳಗಿದ ಕೈಗೆ ಮಾತ್ರ ಒಲಿಯುವ ವಿದ್ಯೆ. ಆದರೆ ನೆಗ್ಗು ಬೇರೆ, ತುಕ್ಕು ಬೇರೆ. ನೆಗ್ಗು ಪೂರ್ತಿ ಕಣ್ಣೆದುರಿಗೇ ಇರುತ್ತದೆ, ಎಷ್ಟು ಕೆಲಸ ಹಿಡಿಯುತ್ತದೆ ಎಂದು ನೋಡಿದ ಕೂಡಲೇ ಹೇಳಬಹುದು. ತುಕ್ಕಿನಲ್ಲಿ ಕಾಣುವುದು ಸ್ವಲ್ಪ, ಅಡಗಿರುವುದೇ ಹೆಚ್ಚು. ಅಡಗಿದ್ದು ಎಷ್ಟು ಎಂದು ತಿಳಿಯಬೇಕಾದರೆ ಸೀಟು ಬಿಚ್ಚಬೇಕು, ನೆಲದ ಮ್ಯಾಟು ಕೀಳಬೇಕು, ಅಡಿಯ ಕಪ್ಪು ಲೇಪವನ್ನು ಕೆರೆಯಬೇಕು, ಸ್ಕ್ರೂ ಡ್ರೈವರಿನ ಮೊನೆಯಿಂದ ಒಂದೊಂದೇ ಸಂದನ್ನು ಚುಚ್ಚಿ ನೋಡಬೇಕು. ಈ ಹೊತ್ತಿಗೆ ಗ್ಯಾರೇಜಿನಲ್ಲಿ ದುಡ್ಡು ಕೊಡುವವರು ಯಾರು? ಗಿರಾಕಿ ಬಂದವನೇ ‘ಒಟ್ಟು ಎಷ್ಟಾಗುತ್ತೆ?’ ಎನ್ನುತ್ತಾನೆ. ಟಿಂಕರ್ ಒಂದು ಮೊತ್ತ ಹೇಳುತ್ತಾನೆ, ಗಿರಾಕಿ ಅದರಲ್ಲೂ ಚೌಕಾಸಿ ಮಾಡುತ್ತಾನೆ. ಒಪ್ಪಿಕೊಂಡ ಮೇಲೆ ಬಿಚ್ಚಿದರೆ ಕೆಲಸ ಅಂದಾಜು ಮೀರಿರುತ್ತದೆ. ಒಪ್ಪಿದ ದುಡ್ಡಿನಲ್ಲಿ ಮುಗಿಸಬೇಕಾದರೆ ಕೊಳೆತ ತಗಡಿನ ಮೇಲೊಂದು ಪ್ಯಾಚ್ ಇಟ್ಟು, ಪುಟ್ಟಿ ತುಂಬಿ, ತಿಕ್ಕಿ, ಬಣ್ಣ ಹೊಡೆಯುವುದು ಬಿಟ್ಟು ಅವನಿಗೆ ಬೇರೆ ದಾರಿ ಇಲ್ಲ. ಇದನ್ನು ಟಿಂಕರನ ಮೋಸ ಎನ್ನಲು ನನಗೆ ಮನಸ್ಸಿಲ್ಲ. ನಾವು ಕೆಲಸ ಕೇಳುವ ರೀತಿಯೇ ಹಾಗಿದೆ. ಮನೆಯಲ್ಲಿ ಗಂಟೆಗೆ ಕೂಲಿ ಲೆಕ್ಕ ಹಾಕುವವರಿಲ್ಲ. ಒಂದು ಸಂದನ್ನು ಇಡೀ ಭಾನುವಾರ ಕೆರೆದರೂ ಯಾರಿಗೂ ನಷ್ಟವಿಲ್ಲ. ತುಕ್ಕಿನ ಕೆಲಸದಲ್ಲಿ ಫಲ ಕೊಡುವುದೇ ಇಂಥ ಹೊತ್ತು. ಅದಕ್ಕೇ ಆ ಕೆಲಸಕ್ಕೆ ಮನೆಯಂಗಳ ಹೆಚ್ಚು ಸೂಕ್ತ ಎನ್ನುವುದು. ಎಲ್ಲ ಕೆಲಸಕ್ಕೂ ಅಲ್ಲ. ಯಾವುದಕ್ಕೆ ಅಲ್ಲ ಎನ್ನುವುದನ್ನೂ ಹೇಳುತ್ತೇನೆ.

— ಅಡಗಿದ್ದು ಅಡಗಿಯೇ ಇರಲಿ ಬಿಡಿ. ಹೊರಗೆ ಚೆನ್ನಾಗಿ ಕಂಡು, ಓಡುತ್ತಿದ್ದರೆ ಸಾಲದಾ? ಪುಟ್ಟಿ ಹಾಕಿದ ಗಾಡಿಗಳು ಊರ ತುಂಬ ಓಡಾಡುತ್ತಿವೆ.

— ಓಡಾಡುತ್ತಿವೆ, ಒಂದೆರಡು ಮಳೆಗಾಲದವರೆಗೆ. ಕಬ್ಬಿಣ, ನೀರು, ಗಾಳಿಯಲ್ಲಿರುವ ಆಮ್ಲಜನಕ ಈ ಮೂರೂ ಸೇರಿದ ಕಡೆ ತುಕ್ಕು ಹುಟ್ಟುತ್ತದೆ. ಹುಟ್ಟಿದ ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹಲವು ಪಟ್ಟು ಹೆಚ್ಚು ಜಾಗ ಹಿಡಿಯುತ್ತದೆ. ಬಣ್ಣ ಗುಳ್ಳೆಯಾಗಿ ಮೇಲೇಳುವುದು ಅದಕ್ಕೇ. ಬಾಗಿಲ ಕೆಳಗಿನ ಗುಳ್ಳೆ ಅನೇಕ ಸಲ ಹೊರಗಿನಿಂದ ಶುರುವಾದದ್ದಲ್ಲ. ಒಳಬದಿಯಲ್ಲಿ ಹುಟ್ಟಿ, ತಗಡನ್ನು ಪೂರ್ತಿ ತಿಂದು, ಕಡೆಗೆ ಹೊರಗೆ ತಲೆ ಹಾಕಿದ್ದು. ಅಂಥ ಕಡೆ ಹೊರಗಿನಿಂದ ಮೆತ್ತಿದ ಪುಟ್ಟಿ ತುಕ್ಕಿಗೆ ಏನೂ ಮಾಡುವುದಿಲ್ಲ. ಪಾಲಿಯೆಸ್ಟರ್ ಪುಟ್ಟಿ ಸ್ವಲ್ಪ ಸ್ವಲ್ಪವಾಗಿ ತೇವ ಹೀರಿಕೊಳ್ಳುತ್ತದೆ, ಹಾಗಾಗಿ ಕೆಳಗಿನ ತಗಡು ಒಣಗುವುದೇ ಇಲ್ಲ. ಇನ್ನೊಂದು ವಿಷಯ ಇದಕ್ಕಿಂತ ಮುಖ್ಯ. ಹಳೆಯ ಮಹೀಂದ್ರ ಜೀಪಿಗೆ ಕೆಳಗೆ ಏಣಿಯಂಥ ಗಟ್ಟಿ ಚಾಸಿ ಇದೆ, ಬಾಡಿ ಅದರ ಮೇಲೆ ಕೂರುತ್ತದೆ. ಮಾರುತಿ 800ಕ್ಕೆ ಅಂಥ ಚಾಸಿ ಇಲ್ಲ. ಮಾರಿಸ್ ಆಕ್ಸ್‌ಫರ್ಡ್ ಮಾದರಿಯಿಂದ ಬಂದು 2014ರವರೆಗೆ ಉತ್ತರಪಾರದಲ್ಲಿ ತಯಾರಾದ ಅಂಬಾಸಿಡರಿಗೂ ಇಲ್ಲ. ಇವುಗಳಲ್ಲಿ ಬಾಡಿಯೇ ಚಾಸಿ. ಬಾಗಿಲ ಕೆಳಗೆ ಉದ್ದಕ್ಕೆ ಹೋಗುವ, ನಮ್ಮವರು ರನ್ನಿಂಗ್ ಬೋರ್ಡ್ ಎನ್ನುವ ಟೊಳ್ಳು ಪೆಟ್ಟಿಗೆ, ನೆಲದ ತಗಡು, ಬಾಗಿಲ ಕಂಬ, ಜಾಕಿ ಕೊಡುವ ಜಾಗ, ಹಿಂದಿನ ಸಸ್ಪೆನ್ಷನ್ ಬಿಗಿಯುವ ಮೂಲೆ, ಇವೇ ಗಾಡಿಯ ಭಾರ ಹೊರುತ್ತವೆ. ಗುದ್ದಿದಾಗ ಪೆಟ್ಟನ್ನೂ ಇವೇ ತಡೆಯುತ್ತವೆ. ರನ್ನಿಂಗ್ ಬೋರ್ಡ್ ಲಡ್ಡಾಗಿ ಮೇಲೆ ಪುಟ್ಟಿ ಹೊಳೆಯುತ್ತಿದ್ದರೆ, ಆ ಕಾರನ್ನು ಕೊಂಡವನಿಗೆ ಅದರ ಬಲ ಎಷ್ಟು ಉಳಿದಿದೆ ಎಂದು ತಿಳಿಯುವ ದಾರಿಯೇ ಇರುವುದಿಲ್ಲ. ಅಯಸ್ಕಾಂತಕ್ಕೆ ತೆಳು ಬಟ್ಟೆ ಸುತ್ತಿ ಬಾಡಿಯ ಮೇಲೆ ಆಡಿಸಿ ನೋಡು. ತಗಡಿಗೆ ಅಂಟುತ್ತದೆ, ದಪ್ಪ ಪುಟ್ಟಿಯ ಮೇಲೆ ಜಾರುತ್ತದೆ. ಹಳೆ ಕಾರು ಕೊಳ್ಳುವವರು ಜೇಬಿನಲ್ಲಿ ಇಟ್ಟುಕೊಳ್ಳಬೇಕಾದ ಸಾಮಾನು ಅದು.

— ಅದೆಲ್ಲ ಮಂಗಳೂರು, ಉಡುಪಿಯ ಕಾರುಗಳ ಕಥೆ ಅಲ್ಲವಾ? ಅಲ್ಲಿ ಕಡಲ ಗಾಳಿ ಇದೆ. ನಮ್ಮ ಹಾಸನ ಜಿಲ್ಲೆಗೆ ಉಪ್ಪೆಲ್ಲಿಂದ ಬಂತು?

— ಎರಡು ದಾರಿಯಲ್ಲಿ ಬರುತ್ತದೆ. ರಾಷ್ಟ್ರೀಯ ಹೆದ್ದಾರಿ 73 ಮಂಗಳೂರಿನಲ್ಲಿ ಹೊರಟು ಚಾರ್ಮಾಡಿ ಘಾಟಿ ಹತ್ತಿ, ಮೂಡಿಗೆರೆ, ಬೇಲೂರು, ಹಳೇಬೀಡು, ಅರಸೀಕೆರೆ ದಾಟಿ ತುಮಕೂರಿಗೆ ಹೋಗುತ್ತದೆ. ಕಡಲತಡಿಯಲ್ಲಿ ವರ್ಷಗಟ್ಟಲೆ ಇದ್ದ ಕಾರು ಸೆಕೆಂಡ್ ಹ್ಯಾಂಡಾಗಿ ಇದೇ ರಸ್ತೆಯಲ್ಲಿ ಮೇಲೆ ಬಂದರೆ, ಸಂದುಗಳಲ್ಲಿ ಕೂತ ಉಪ್ಪೂ ಜೊತೆಗೇ ಬರುತ್ತದೆ. ಉಪ್ಪಿನಲ್ಲಿರುವ ಕ್ಲೋರೈಡಿನ ಗುಣವೆಂದರೆ ತುಕ್ಕು ಹಿಡಿಸುವಾಗ ಅದು ಖರ್ಚಾಗಿ ಹೋಗುವುದಿಲ್ಲ. ತುಕ್ಕಿನ ಪದರದೊಳಗೇ ಉಳಿದು ಮತ್ತೆ ಮತ್ತೆ ಕೆಲಸ ಮಾಡುತ್ತದೆ. ಎರಡನೆಯ ದಾರಿ ನಮ್ಮದೇ ತೋಟದ್ದು. ಅರಸೀಕೆರೆ ಕಡೆ ತೆಂಗಿನ ಬುಡಕ್ಕೆ ಹಾಕಲು ಉಪ್ಪಿನ ಮೂಟೆಯನ್ನು, ಬೇಲೂರು ಕಡೆ ಕಾಫಿಗೆ ಹಾಕಲು ಪೊಟ್ಯಾಷ್ ಚೀಲವನ್ನು ಡಿಕ್ಕಿಯಲ್ಲೋ ಓಮ್ನಿಯ ಹಿಂದೆಯೋ ಸಾಗಿಸುವುದುಂಟು. ತೋಟಕ್ಕೆ ಹಾಕುವ ಮ್ಯುರಿಯೇಟ್ ಆಫ್ ಪೊಟ್ಯಾಷ್ ಎಂದರೆ ಪೊಟ್ಯಾಸಿಯಂ ಕ್ಲೋರೈಡ್. ಕಬ್ಬಿಣದ ಮಟ್ಟಿಗೆ ಅಡುಗೆ ಉಪ್ಪಿಗೂ ಅದಕ್ಕೂ ಹೇಳಿಕೊಳ್ಳುವ ವ್ಯತ್ಯಾಸವಿಲ್ಲ. ಚೀಲದಿಂದ ಉದುರಿದ ಒಂದು ಹಿಡಿ, ಮ್ಯಾಟಿನಡಿಯ ತೇವ, ಎರಡೂ ಸೇರಿದರೆ ಸಾಕು.

ಅರಸೀಕೆರೆ, ಬೇಲೂರು, ಹಳೇಬೀಡು, ಈ ಮೂರು ಊರಿನ ಹವೆಯೂ ಒಂದೇ ಅಲ್ಲ. ಅರಸೀಕೆರೆ ಬಯಲುಸೀಮೆ. ಅಲ್ಲಿ ಮಳೆಗಿಂತ ಧೂಳಿನ ಕಾಟ ಹೆಚ್ಚು. ಬಾಗಿಲುಗಳ ತಳದಲ್ಲಿ ನೀರು ಹರಿದು ಹೋಗಲು ಕಂಪನಿಯವರು ಬಿಟ್ಟ ಸಣ್ಣ ತೂತುಗಳಿವೆ. ಧೂಳು ಕೂತು ಅವು ಮುಚ್ಚಿಕೊಂಡರೆ, ಗಾಜಿನ ಪಕ್ಕದಿಂದ ಇಳಿದ ನೀರು ಬಾಗಿಲೊಳಗೇ ನಿಂತು ತಳ ಕೊಳೆಯುತ್ತದೆ. ಅಂಥ ಕಾರಿನ ಅಡಿ ಚೆನ್ನಾಗಿದ್ದು ಬಾಗಿಲ ಅಂಚು ಮಾತ್ರ ಹೋಗಿರುವುದುಂಟು. ಬೇಲೂರು ಮಲೆನಾಡಿನ ಸೆರಗು. ಮುಂಗಾರಿನಲ್ಲಿ ಚಕ್ರ ಎಸೆದ ಕೆಸರು ಮಡ್‌ಗಾರ್ಡಿನ ಒಳಮಡಿಕೆಯಲ್ಲಿ ಮೆತ್ತಿಕೊಂಡು ತಿಂಗಳುಗಟ್ಟಲೆ ಹಸಿಯಾಗಿಯೇ ಇರುತ್ತದೆ. ಕೊಳೆಯುವುದು ಅಡಿಯಿಂದ. ಹಳೇಬೀಡು ಇವೆರಡರ ನಡುವೆ. ಅಲ್ಲಿ ಎರಡು ಬಗೆಯದನ್ನೂ ಹುಡುಕಬೇಕು. ಇದರ ಮೇಲೆ, ಮಳೆಯಿಂದ ಕಾಪಾಡುತ್ತೇವೆಂದು ಕಾರಿಗೆ ಟಾರ್ಪಾಲು ಹೊದಿಸಿ ಬಿಗಿದು ಕಟ್ಟಿ ಮಣ್ಣು ನೆಲದ ಮೇಲೆ ನಿಲ್ಲಿಸುವವರಿದ್ದಾರೆ. ನೆಲದ ತೇವವೆಲ್ಲ ಏರಿ ಟಾರ್ಪಾಲಿನೊಳಗೆ ಬೆವರಾಗಿ ಇಳಿಯುತ್ತದೆ. ನಾಲ್ಕು ಕಡೆ ಗಾಳಿಯಾಡುವ ಚಪ್ಪರ ಅದಕ್ಕಿಂತ ಎಷ್ಟೋ ಮೇಲು. ಇವನ್ನೆಲ್ಲ ಯಾಕೆ ಹೇಳಿದೆ ಎಂದರೆ, ಕಾರು ಎಲ್ಲಿತ್ತು, ಏನು ಹೊತ್ತಿತ್ತು, ಹೇಗೆ ನಿಂತಿತ್ತು ಎಂಬುದು ಮನೆಯವರಿಗೆ ಗೊತ್ತು, ಗ್ಯಾರೇಜಿಗೆ ಗೊತ್ತಿಲ್ಲ. ಹುಡುಕುವ ಕೆಲಸ ಮನೆಯವರೇ ಮಾಡುವುದು ಮೇಲು ಎನ್ನುವುದಕ್ಕೆ ಇದೂ ಒಂದು ಕಾರಣ.

— ತುಕ್ಕನ್ನು ಕಪ್ಪು ಮಾಡಿ ನಿಲ್ಲಿಸುವ ರಸ್ಟ್ ಕನ್ವರ್ಟರ್ ಬಾಟಲಿ ಸಿಗುತ್ತದೆ. ಅದನ್ನು ಬಳಿದರೆ ಇಷ್ಟೆಲ್ಲ ಕೆರೆಯುವ ಗೋಜು ಯಾಕೆ?

— ಅದಕ್ಕೂ ಅದರದೇ ಜಾಗ ಇದೆ, ಆದರೆ ಜಾಗ ಸಣ್ಣದು. ಅಂಥ ದ್ರಾವಣಗಳಲ್ಲಿ ಸಾಮಾನ್ಯವಾಗಿ ಟ್ಯಾನಿಕ್ ಆಮ್ಲ ಇಲ್ಲವೇ ಫಾಸ್ಫಾರಿಕ್ ಆಮ್ಲ ಇರುತ್ತದೆ. ಟ್ಯಾನಿನ್ ಕಬ್ಬಿಣದೊಡನೆ ಸೇರಿ ಕಪ್ಪು ಪದರ ಕಟ್ಟುತ್ತದೆ. ಅಡಿಕೆಯ ಚೊಗರು ಕಬ್ಬಿಣಕ್ಕೆ ತಗುಲಿದಾಗ ಕಪ್ಪಾಗುವುದೂ ಇದೇ ಗುಣದಿಂದ. ಸಡಿಲ ತುಕ್ಕನ್ನೆಲ್ಲ ತಂತಿಯ ಬ್ರಷ್ಷಿನಿಂದ ತೆಗೆದು, ಗಟ್ಟಿ ಲೋಹದ ಕುಳಿಗಳಲ್ಲಿ ಉಳಿದ ಕಲೆಯ ಮೇಲೆ ಬಳಿದರೆ ಉಪಯೋಗ ಉಂಟು. ಪದರ ಪದರವಾಗಿ ಏಳುವ ತುಕ್ಕಿನ ಮೇಲೆ ಬಳಿದರೆ ಮೇಲ್ಪದರ ಮಾತ್ರ ಕಪ್ಪಾಗುತ್ತದೆ, ಒಳಗೆ ಕೆಲಸ ನಡೆದೇ ಇರುತ್ತದೆ. ಎರಡು ತಗಡು ಒಂದರ ಮೇಲೊಂದು ಕೂತ ಸಂದಿಗೆ ಅದು ಇಳಿಯುವುದೂ ಇಲ್ಲ. ತುಕ್ಕಿನ ಮೇಲೆ ದಪ್ಪಗೆ ಬಳಿಸುವ ಕಪ್ಪು ಅಂಡರ್‌ಬಾಡಿ ಕೋಟಿಂಗಿನ ಕಥೆ ಇದಕ್ಕಿಂತ ಕೆಟ್ಟದ್ದು. ಚೊಕ್ಕ ಲೋಹದ ಮೇಲೆ ಅದು ಕವಚ. ತುಕ್ಕಿನ ಮೇಲಾದರೆ ನೀರನ್ನು ಒಳಗೇ ಹಿಡಿದಿಡುವ ಮುಚ್ಚಳ. ಹಳೆ ಇಂಜಿನ್ ಆಯಿಲ್ ಎರಚುವವರೂ ಇದ್ದಾರೆ. ಅದು ರಬ್ಬರ್ ಬುಷ್ಷುಗಳನ್ನು ಹಾಳು ಮಾಡಿ, ಸೋರಿ ಅಂಗಳದ ಮಣ್ಣನ್ನೂ ಕೆಡಿಸುತ್ತದೆ.

— ಸರಿ, ಕೊಳೆತದ್ದನ್ನು ಕತ್ತರಿಸಿ ತೆಗೆದೆವು ಅನ್ನೋಣ. ಆಮೇಲೆ ವೆಲ್ಡಿಂಗ್ ಬೇಕಲ್ಲ? ಈಗ ಇನ್ವರ್ಟರ್ ವೆಲ್ಡಿಂಗ್ ಸೆಟ್ಟು ಕೈಗೆಟುಕುವ ಬೆಲೆಗೆ ಸಿಗುತ್ತದೆ. ಅದೊಂದು ತಂದುಬಿಟ್ಟರೆ?

— ಗೇಟು ಬೆಸೆಯಲು ತರಬಹುದು. ಕಾರಿನ ತಗಡು ಹೆಚ್ಚಿನ ಕಡೆ ಒಂದು ಮಿಲಿಮೀಟರಿನ ಆಸುಪಾಸು. ಕಡ್ಡಿ ಹಚ್ಚುವ ಆರ್ಕ್ ವೆಲ್ಡಿಂಗಿಗೆ ಅದು ತಡೆಯುವುದಿಲ್ಲ, ಬೆಸೆಯುವ ಮೊದಲೇ ತೂತಾಗುತ್ತದೆ. ಹಳೆಯ ಟಿಂಕರುಗಳು ಗ್ಯಾಸ್ ವೆಲ್ಡಿಂಗಿನಲ್ಲಿ ಇದನ್ನು ಚೆನ್ನಾಗಿ ಮಾಡುತ್ತಿದ್ದರು, ಆದರೆ ಶಾಖ ಅಗಲಕ್ಕೆ ಹರಡಿ ತಗಡು ಸೊಟ್ಟಾಗದಂತೆ ನೋಡಿಕೊಳ್ಳುವುದು ಅವರ ಕೈಗೆ ಮಾತ್ರ ಗೊತ್ತಿತ್ತು. ಈಗ ಸಿಒಟು ವೆಲ್ಡಿಂಗ್ ಎನ್ನುವ ತಂತಿ ವೆಲ್ಡಿಂಗ್ ಇದಕ್ಕೆ ಸರಿಯಾದದ್ದು. ಒಂದು ಕಡೆ ಚುಕ್ಕಿ ಇಟ್ಟು, ಅದು ಆರುವವರೆಗೆ ದೂರದಲ್ಲಿ ಇನ್ನೊಂದು ಚುಕ್ಕಿ ಇಟ್ಟು, ಹೀಗೆ ಸುತ್ತಿ ಬಂದು ನಡುವಿನ ಜಾಗ ತುಂಬಬೇಕು. ಒಂದೇ ಎಳೆತಕ್ಕೆ ಬೆಸೆದರೆ ತಗಡು ಹಪ್ಪಳದ ಹಾಗೆ ಸುರುಟಿಕೊಳ್ಳುತ್ತದೆ. ಗೆರೆಯನ್ನು ನಾನು ಎಳೆಯುವುದು ಇಲ್ಲೇ. ಭಾರ ಹೊರುವ ಭಾಗಗಳನ್ನು, ಎಂದರೆ ರನ್ನಿಂಗ್ ಬೋರ್ಡ್, ಕಂಬ, ಸಸ್ಪೆನ್ಷನ್ ಮೂಲೆ ಇವನ್ನು, ಹೊಸಬರ ಕೈ ಬೆಸೆಯಬಾರದು. ನೋಡಲು ಚೆನ್ನಾಗಿದ್ದೂ ಒಳಗೆ ಹಿಡಿಯದ ಬೆಸುಗೆ ಪುಟ್ಟಿಯಷ್ಟೇ ಅಪಾಯ. ಆ ಒಂದು ದಿನಕ್ಕೆ ವೆಲ್ಡಿಂಗ್ ಬಲ್ಲವರನ್ನು ಕರೆಸು, ಇಲ್ಲವೇ ಗಾಡಿಯನ್ನು ಅವರಲ್ಲಿಗೆ ಸಾಗಿಸು.

— ಅಲ್ಲಿಗೆ ನಿಮ್ಮ ವಾದವೇ ಬಿದ್ದುಹೋಯಿತಲ್ಲ? ಮುಖ್ಯ ಕೆಲಸ ಗ್ಯಾರೇಜಿನದೇ ಆದರೆ ಮನೆಯಲ್ಲಿ ಮಾಡಿದ್ದೇನು?

— ಬೆಸುಗೆ ಮುಖ್ಯ ಹೌದು, ಆದರೆ ಹಿಡಿಯುವ ಹೊತ್ತು ನೋಡಿದರೆ ಅದು ಒಟ್ಟು ಕೆಲಸದ ಸಣ್ಣ ಭಾಗ. ಅದರ ಹಿಂದೆ ಮುಂದೆ ಏನೇನಿದೆ ನೋಡು. ಕೊಳೆತ ಜಾಗದ ಸುತ್ತ ಹೊಳೆಯುವ, ಗಟ್ಟಿ ಲೋಹ ಸಿಗುವವರೆಗೆ ಕತ್ತರಿಸುತ್ತಾ ಹೋಗಬೇಕು. ಹೊರಗೆ ಒಂದು ರೂಪಾಯಿ ನಾಣ್ಯದಷ್ಟು ಕಂಡ ತೂತು ಅಂಗೈ ಅಗಲ ಆಗುವುದುಂಟು. ಅಲ್ಲಿ ನಿಲ್ಲಿಸುವ ಧೈರ್ಯ ಬೇಡ, ಮುಂದುವರಿಯುವ ತಾಳ್ಮೆ ಬೇಕು. ಆಮೇಲೆ ರಟ್ಟಿನಲ್ಲಿ ನಮೂನೆ ಕತ್ತರಿಸಿ, ಹೊಂದುತ್ತದೆಯೇ ಎಂದು ಹತ್ತಾರು ಸಲ ಇಟ್ಟು ತೆಗೆದು, ಆ ಅಳತೆಗೆ 20 ಗೇಜಿನ ಶೀಟು ಕತ್ತರಿಸಿ ಬಗ್ಗಿಸಬೇಕು. ಜಿಐ ಶೀಟು ಬೇಡ, ಬೆಸೆಯುವಾಗ ಏಳುವ ಸತುವಿನ ಹೊಗೆ ಕುಡಿದವರಿಗೆ ಚಳಿಜ್ವರ ಬರುತ್ತದೆ. ಇಷ್ಟಾದ ಮೇಲೆ ವೆಲ್ಡರ್ ಬಂದು ಬೆಸೆದು ಹೋಗುತ್ತಾನೆ. ಆತ ಹೋದ ಮೇಲೆ ಉಳಿಯುವುದು ಎಲ್ಲಕ್ಕಿಂತ ದೊಡ್ಡ ಪ್ರಶ್ನೆ, ಬೆಸುಗೆಯ ಬೆನ್ನು. ರನ್ನಿಂಗ್ ಬೋರ್ಡ್ ಟೊಳ್ಳು ಪೆಟ್ಟಿಗೆ ಎಂದೆನಲ್ಲ. ಹೊರಗಿನಿಂದ ಬೆಸೆದಾಗ ಒಳಬದಿಯಲ್ಲಿ ಇದ್ದಬದ್ದ ಬಣ್ಣವೆಲ್ಲ ಸುಟ್ಟುಹೋಗಿ ಬರಿಯ ಕಬ್ಬಿಣ ಉಳಿಯುತ್ತದೆ. ಹೊರಗೆ ಎಷ್ಟೇ ಚಂದ ಬಣ್ಣ ಹೊಡೆದರೂ ಹೊಸ ತುಕ್ಕು ಹುಟ್ಟುವುದು ಆ ಸುಟ್ಟ ಗೆರೆಯಿಂದ. ಆದ್ದರಿಂದ ರಬ್ಬರ್ ಬಿರಡೆ ತೆಗೆದ ತೂತಿನಿಂದ ಉದ್ದ ನಳಿಕೆ ಇಳಿಸಿ, ಒಳಗೆಲ್ಲ ಕ್ಯಾವಿಟಿ ವ್ಯಾಕ್ಸ್ ಸಿಂಪಡಿಸಬೇಕು. ತಳದ ಸಂದಿಯಿಂದ ಮೇಣ ತೊಟ್ಟಿಕ್ಕಿದರೆ ಅದು ಅಲ್ಲಿಯವರೆಗೆ ತಲುಪಿದೆ ಎಂದರ್ಥ. ನೀರು ಹರಿಯುವ ತೂತುಗಳು ಮೇಣದಿಂದ ಮುಚ್ಚಿಹೋಗದಂತೆ ಕಡೆಗೆ ಒಂದು ತಂತಿ ಆಡಿಸಬೇಕು. ಈ ಯಾವುದೂ ಹೊರಗೆ ಕಾಣುವುದಿಲ್ಲ, ಕಾಣದ್ದಕ್ಕೆ ಬಿಲ್ಲು ಹಾಕುವುದು ಯಾವ ಗ್ಯಾರೇಜಿಗೂ ಕಷ್ಟ. ರಿಪೇರಿ ಎರಡು ವರ್ಷ ಬಾಳುತ್ತದೋ ಹತ್ತು ವರ್ಷವೋ ಎಂದು ತೀರ್ಮಾನವಾಗುವುದು ಮಾತ್ರ ಇಲ್ಲಿ.

— ಅಪಾಯಗಳ ಬಗ್ಗೆ ನೀವು ಹೆಚ್ಚು ಹೇಳಲಿಲ್ಲ.

— ಹೇಳಲೇಬೇಕು. ಬರೀ ಜಾಕಿಯ ಮೇಲೆ ನಿಂತ ಕಾರಿನ ಕೆಳಗೆ ತಲೆ ಹಾಕಬಾರದು, ಸ್ಟ್ಯಾಂಡು ಕೊಟ್ಟೇ ಮಲಗಬೇಕು. ಬೆಸೆಯುವ ಮೊದಲು ಬ್ಯಾಟರಿ ಬಿಚ್ಚಬೇಕು, ಹತ್ತಿರದ ಪೆಟ್ರೋಲ್ ಪೈಪು, ಟ್ಯಾಂಕು ಇಳಿಸಿ ದೂರ ಇಡಬೇಕು. ಖಾಲಿ ಟ್ಯಾಂಕು ಎಂದು ಉಪೇಕ್ಷೆ ಬೇಡ, ಸಿಡಿಯುವುದು ಅದರೊಳಗೆ ಉಳಿದ ಆವಿಯೇ. ಹಾರ್ಡನರ್ ಬೆರೆಸುವ ಟೂ ಪ್ಯಾಕ್ ಬಣ್ಣದಲ್ಲಿ ಐಸೋಸಯನೇಟ್ ಇರುತ್ತದೆ. ಅದು ಉಸಿರುನಾಳಕ್ಕೆ ಹೋದರೆ ಮಾಮೂಲಿ ಬಟ್ಟೆಯ ಮಾಸ್ಕು ಕಾಪಾಡುವುದಿಲ್ಲ, ಕೆಲವರಿಗೆ ಬದುಕಿಡೀ ಆಸ್ತಮಾ ಅಂಟಿಕೊಳ್ಳುತ್ತದೆ. ಕಡೆಯ ಬಣ್ಣ ಸ್ಪ್ರೇ ಮಾಡುವ ಕೆಲಸವನ್ನೂ ಬೂತ್ ಇರುವವರಿಗೇ ಬಿಡು ಎನ್ನುವುದು ಅದಕ್ಕೇ. ಮನೆಯಲ್ಲಿ ಮಕ್ಕಳಿದ್ದರಂತೂ ಎರಡು ಮಾತಿಲ್ಲ.

— ಇಷ್ಟೆಲ್ಲ ಬಿಚ್ಚಿದ ಮೇಲೆ ಇದ್ದ ಹಾಗೇ ಕೂಡಿಸುವುದು ಯಾಕೆ? ಮಡ್‌ಗಾರ್ಡ್ ಅಗಲ ಮಾಡಿಸಿ, ದಪ್ಪ ಟೈರು ಹಾಕಿ, ಛಾವಣಿ ಕತ್ತರಿಸಿ ತೆರೆದ ಗಾಡಿ ಮಾಡಿದರೆ? ನಮ್ಮ ಕಾರು, ನಮ್ಮ ಇಷ್ಟ.

— ನಿನ್ನ ಆಸೆ ತಪ್ಪಲ್ಲ. ಸ್ವಂತ ಕೈಯಲ್ಲಿ ಆಕಾರ ಕೊಡುವ ಖುಷಿ ದೊಡ್ಡದು. ಆದರೆ ಬೇಲೂರಿನ ಚೆನ್ನಕೇಶವ ದೇವಾಲಯವನ್ನು ನೆನೆಸಿಕೋ. 1117ರ ಆ ಗುಡಿಯ ಮೇಲೆ ಇಟ್ಟಿಗೆ, ಗಾರೆ, ಮರದ ಗೋಪುರ ಇತ್ತು. ಕಾಲಕಾಲಕ್ಕೆ ರಿಪೇರಿ ಕಂಡರೂ, 19ನೇ ಶತಮಾನದ ಕೊನೆಯ ಭಾಗದಲ್ಲಿ ಕೆಳಗಿನ ಗರ್ಭಗುಡಿಯನ್ನು ಉಳಿಸಲು ಅದನ್ನು ಇಳಿಸಿದರು. ಗೋಪುರವಿಲ್ಲದ ಅದೇ ಗುಡಿ 2023ರಲ್ಲಿ ಹಳೇಬೀಡು, ಸೋಮನಾಥಪುರಗಳ ಜೊತೆ ಯುನೆಸ್ಕೋ ಪಟ್ಟಿ ಸೇರಿತು. ಹೊರುವುದು ಮೊದಲು ಉಳಿಯಬೇಕು ಎಂಬ ತೀರ್ಮಾನ ಅದು. ಕಾರಿನಲ್ಲಿ ಛಾವಣಿ ಬರೀ ನೆರಳಿಗಲ್ಲ, ಕಂಬಗಳನ್ನು ಹಿಡಿದು ಇಡೀ ಪೆಟ್ಟಿಗೆಯನ್ನು ಬಿಗಿಯಾಗಿಡುವುದು ಅದೇ. ಕತ್ತರಿಸಿದ ಮಾರುತಿ 800 ಗುಂಡಿಗೆ ಇಳಿದಾಗಲೆಲ್ಲ ನಡುವಿನಲ್ಲಿ ಬಳುಕುತ್ತದೆ, ಹೊಸ ಬೆಸುಗೆಗಳೇ ಮೊದಲು ಬಿರಿಯುತ್ತವೆ. ಕಾನೂನೂ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ತಯಾರಕರು ಕೊಟ್ಟ ಮೂಲ ವಿವರಕ್ಕಿಂತ ಬೇರೆಯಾಗುವಂತೆ ಗಾಡಿಯನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ತುಕ್ಕು ತಿಂದ ತಗಡಿನ ಜಾಗಕ್ಕೆ ಅದೇ ಆಕಾರದ ತಗಡು ಹಾಕುವುದು ರಿಪೇರಿ. ಛಾವಣಿ ತೆಗೆಯುವುದು ರಿಪೇರಿಯಲ್ಲ. ಚಾಸಿ ನಂಬರ್ ಕೊರೆದ ತಗಡನ್ನಂತೂ ಯಾವ ಕಾರಣಕ್ಕೂ ಕತ್ತರಿಸಬಾರದು, ಗ್ರೈಂಡರ್ ತಾಗಿಸಲೂಬಾರದು. ನಿನ್ನದೇ ಅಂದ ಬೇಕೆಂದರೆ ಅದಕ್ಕೆ ಜಾಗ ಇನ್ನೂ ಇದೆ: ಒಳಗಿನ ಸೀಟಿನ ಹೊದಿಕೆ, ಡ್ಯಾಶ್‌ಬೋರ್ಡು, ಕೈಯಲ್ಲೇ ಬಗ್ಗಿಸಿ ಮಾಡಿದ ಡಿಕ್ಕಿಯ ತಟ್ಟೆ. ಬಣ್ಣವೂ ಆರ್‌ಸಿಯಲ್ಲಿ ದಾಖಲಾಗಿರುತ್ತದೆ, ಬದಲಿಸುವುದಾದರೆ ಆರ್‌ಟಿಒಗೆ ತಿಳಿಸಿಯೇ ಬದಲಿಸು.

— ಸರ್ಕಾರವೇ ಹಳೆ ಗಾಡಿ ಗುಜರಿಗೆ ಹಾಕಿ ಅನ್ನುತ್ತಿದೆ. 2021ರಲ್ಲಿ ಸ್ಕ್ರ್ಯಾಪ್ ನೀತಿ ತಂದರು. ಹದಿನೈದು ವರ್ಷ ದಾಟಿದ ಕಾರಿನ ನೋಂದಣಿ ನವೀಕರಣ ಶುಲ್ಕ 2022ರ ಏಪ್ರಿಲ್‌ನಿಂದ 600 ರೂಪಾಯಿ ಇದ್ದದ್ದು 5,000 ಆಯಿತು. ಇಪ್ಪತ್ತು ವರ್ಷ ದಾಟಿದವಕ್ಕೆ 2025ರಲ್ಲಿ ಮತ್ತೆ ಏರಿಸಿದರು. ಏರ್‌ಬ್ಯಾಗಿಲ್ಲದ, ಹೊಗೆ ಹೆಚ್ಚು ಉಗುಳುವ ಗಾಡಿಗೆ ಇಷ್ಟು ಶ್ರಮ ಹಾಕುವುದು ಸಮಾಜಕ್ಕೂ ಒಳ್ಳೆಯದಲ್ಲವಲ್ಲ?

— ಇದು ಗಟ್ಟಿ ಆಕ್ಷೇಪ. ಒಂದು ಭಾಗವನ್ನು ಒಪ್ಪಿಬಿಡುತ್ತೇನೆ. ಎಷ್ಟೇ ಚೆನ್ನಾಗಿ ರಿಪೇರಿ ಮಾಡಿದರೂ ಹಳೆಯ 800 ಇಂದಿನ ಕಾರಿನ ಸುರಕ್ಷತೆ ಕೊಡುವುದಿಲ್ಲ. ರಾತ್ರಿ ಹೆದ್ದಾರಿಯಲ್ಲಿ ಮನೆಮಂದಿಯನ್ನೆಲ್ಲ ತುಂಬಿಕೊಂಡು ಬೆಂಗಳೂರಿಗೆ ಓಡಿಸುವ ಗಾಡಿ ಅದಲ್ಲ. ದಿನಕ್ಕೆ ನೂರಾರು ಕಿಲೋಮೀಟರು ಓಡುವ ಗಾಡಿಯಾಗಿದ್ದರೆ ಹೊಗೆಯ ಲೆಕ್ಕದಲ್ಲಿ ಬಿಟ್ಟುಬಿಡುವುದೇ ಸರಿ. ಆದರೆ ಹಳ್ಳಿಯಿಂದ ಪೇಟೆಗೆ, ತೋಟದಿಂದ ಮನೆಗೆ ವಾರಕ್ಕೊಮ್ಮೆ ಹೋಗಿಬರುವ ಕಾರಿನ ಲೆಕ್ಕ ಬೇರೆ. ಅದು ಉಗುಳುವ ಹೊಗೆ ಅದರ ಓಟದಷ್ಟೇ. ಅದನ್ನು ಗುಜರಿಗೆ ಹಾಕಿ ಹೊಸತು ತಂದರೆ ಹೊಸ ಕಾರಿನ ಉಕ್ಕು ಕಾಯಿಸಲು, ತಗಡು ಎಳೆಯಲು, ಬಣ್ಣ ಬೇಯಿಸಲು ಆದ ಖರ್ಚನ್ನೂ ಅದೇ ತಕ್ಕಡಿಗೆ ಹಾಕಬೇಕಲ್ಲ? ಇನ್ನು ಶುಲ್ಕದ ಮಾತು. ಕರ್ನಾಟಕದಲ್ಲಿ ಖಾಸಗಿ ಕಾರನ್ನು ವಯಸ್ಸೊಂದರ ಕಾರಣಕ್ಕೆ ರಸ್ತೆಯಿಂದ ತೆಗೆಯುವುದಿಲ್ಲ. ತಪಾಸಣೆಯಲ್ಲಿ ಪಾಸಾದರೆ ಐದು ವರ್ಷಕ್ಕೆ ನವೀಕರಣ ಸಿಗುತ್ತದೆ. ಅಂದ ಮೇಲೆ ಶುಲ್ಕ ಏರಿದಷ್ಟೂ ಮೇಲ್ಮೇಲಿನ ರಿಪೇರಿ ದುಬಾರಿಯಾಗುತ್ತದೆ. ಪುಟ್ಟಿಯ ಕಾರು ಮುಂದಿನ ನವೀಕರಣಕ್ಕೆ ಮತ್ತೆ ತೂತಾಗಿ ನಿಂತರೆ ಕಟ್ಟಿದ ದುಡ್ಡೂ ನೀರಿಗೆ. ಒಂದು ವಿಷಯದಲ್ಲಿ ನನ್ನದೇ ಮಿತಿ ಹೇಳಿಬಿಡುತ್ತೇನೆ: ಎರಡೂ ರನ್ನಿಂಗ್ ಬೋರ್ಡ್, ನೆಲ, ಹಿಂದಿನ ಸಸ್ಪೆನ್ಷನ್ ಮೂಲೆಗಳು ಎಲ್ಲವೂ ಹೋಗಿದ್ದರೆ ಆ ಕಾರನ್ನು ಕೈಬಿಡು. ಹೊತ್ತು ಇದೆ ಎಂಬ ಕಾರಣಕ್ಕೆ ಉಳಿಯಲಾರದ್ದನ್ನು ಉಳಿಸಹೋಗಬಾರದು. ಇಂಜಿನ್ನು, ಬಾಗಿಲು, ಗಾಜುಗಳನ್ನಾದರೂ ಇನ್ನೊಂದು 800ಕ್ಕೆ ಕೊಡಬಹುದು. 1983ರ ಡಿಸೆಂಬರಿನಿಂದ 2014ರ ಜನವರಿವರೆಗೆ ತಯಾರಾದ ಕಾರು, ಬೇಕೆನ್ನುವವರು ಸಿಗುತ್ತಾರೆ.

— ಹಾಗಾದರೆ ಯಾವಾಗ ಶುರು ಮಾಡುವುದು?

— ಬೇಲೂರಿನಲ್ಲಾದರೆ ದೀಪಾವಳಿ ಕಳೆದ ಮೇಲೆ ಶುರು ಮಾಡಿ, ಬೇಸಿಗೆಯ ಮಳೆ ಬೀಳುವ ಮೊದಲು ಪ್ರೈಮರ್ ಮುಗಿಸು. ಅರಸೀಕೆರೆಯಲ್ಲಿ ಆಷಾಢದ ಗಾಳಿ ಬಿಟ್ಟು ಉಳಿದೆಲ್ಲ ಕಾಲ ಆಗುತ್ತದೆ. ಚಳಿಗಾಲದ ಬೆಳಿಗ್ಗೆ ತಗಡು ಗಾಳಿಗಿಂತ ತಣ್ಣಗಿದ್ದು ಕಣ್ಣಿಗೆ ಕಾಣದ ಇಬ್ಬನಿ ಕೂತಿರುತ್ತದೆ, ಬಿಸಿಲೇರಿ ತಗಡು ಕೈಗೆ ಬೆಚ್ಚಗೆ ಹತ್ತುವವರೆಗೆ ಪ್ರೈಮರ್ ಬಳಿಯಬೇಡ. ಬರಿಯ ಲೋಹ ಬಂದ ದಿನವೇ ಎಪಾಕ್ಸಿ ಪ್ರೈಮರ್ ಆಗಬೇಕು, ಪುಟ್ಟಿ ಬೇಕಾದರೆ ಅದರ ಮೇಲೆ ತೆಳ್ಳಗೆ. ಆದ್ದರಿಂದ ಇಡೀ ಕಾರನ್ನು ಒಮ್ಮೆಲೇ ಕೆರೆದು ಹಾಕಬೇಡ. ಎಡಗಡೆಯ ಮುಂದಿನ ಮ್ಯಾಟು ಕಿತ್ತು ಶುರು ಮಾಡು. ಅದರಡಿಯ ತಗಡನ್ನು ಸ್ಕ್ರೂ ಡ್ರೈವರಿನ ಹಿಡಿಯಿಂದ ತಟ್ಟುತ್ತಾ ಹೋಗು. ಸದ್ದು ಮಂಕಾದ ಕಡೆಗೆಲ್ಲ ಚಾಕ್‌ಪೀಸಿನಲ್ಲಿ ಗುರುತು ಹಾಕಿ, ಫೋಟೊ ತೆಗೆದಿಡು. ವೆಲ್ಡರ್ ಹತ್ತಿರ ಮಾತಾಡುವಾಗ ಆ ಫೋಟೊಗಳನ್ನು ಮುಂದಿಟ್ಟು ಮಾತಾಡು, ಒಟ್ಟು ಎಷ್ಟಾಗುತ್ತೆ ಎಂದು ಮಾತ್ರ ಮೊದಲೇ ಕೇಳಬೇಡ.